ಅಪ್ಪನ ರುಜು, ಮಗಳ ಮಾತು



ಇವತ್ತು ಒಂದೇ ಒಂದು ಪ್ರಶ್ನೆ. ಹದಿನೆಂಟು ತುಂಬದ ಮಗುವಿಗೆ ಮನಸ್ಸಿನ ಕಾಯಿಲೆ ಬಂದರೆ, ಚಿಕಿತ್ಸೆಗೆ ಒಪ್ಪಿಗೆ ಕೊಡಬೇಕಾದವರು ಯಾರು? ಅಪ್ಪ ಅಮ್ಮನೇ? ಡಾಕ್ಟರೇ? ಹಾಸ್ಟೆಲಿನ ವಾರ್ಡನ್ನೇ? ಆ ಮಗುವಿಗೂ ಅದರಲ್ಲಿ ಮಾತುಂಟೇ?

ನಾನು ವೈದ್ಯನಲ್ಲ, ವಕೀಲನೂ ಅಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಪಾಠ ಹೇಳಿದವನು, ಹುಡುಗರ ಹಾಸ್ಟೆಲಿನ ಉಸಾಬರಿ ನೋಡಿಕೊಂಡವನು. ವಿ.ಸಿ. ಫಾರಂ ಎಂದರೆ ನಿಮಗೆ ಕಬ್ಬಿನ ತಳಿ, ಭತ್ತದ ತಳಿ, ರಾಗಿ ಲಕ್ಷ್ಮಣಯ್ಯನವರ ಇಂಡಾಫ್ ರಾಗಿ ನೆನಪಾಗಬಹುದು. ಅಲ್ಲೇ ಕೃಷಿ ಕಾಲೇಜೂ ಇದೆ. ಪಿಯುಸಿ ಮುಗಿಸಿ ಸಿಇಟಿ ಬರೆದ ಮಕ್ಕಳು ರಾಜ್ಯದ ಮೂಲೆಮೂಲೆಯಿಂದ ಬಂದು ಸೇರುತ್ತಾರೆ. ಬಂದಾಗ ಅವರ ವಯಸ್ಸು ಹದಿನೇಳು, ಹದಿನೆಂಟು. ಹದಿನೇಳೋ ಹದಿನೆಂಟೋ, ನೋಡುವವರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕಾನೂನಿಗೆ ಮಾತ್ರ ಅದೇ ದೊಡ್ಡ ವ್ಯತ್ಯಾಸ.

ಹೀಗಾಯಿತು ಎಂದಿಟ್ಟುಕೊಳ್ಳಿ. ಇದು ಯಾರೊಬ್ಬರ ಮನೆಯ ಕಥೆಯೂ ಅಲ್ಲ. ಯಾವ ಊರಿನ ಹಾಸ್ಟೆಲಿನಲ್ಲಿ ಬೇಕಾದರೂ ಆಗಬಹುದು. ಸಿಂಧನೂರಿನ ಕಡೆಯ ಹುಡುಗ. ಹದಿನೇಳು ವರ್ಷ. ಮೂರು ದಿನದಿಂದ ಊಟವಿಲ್ಲ, ನಿದ್ದೆಯಿಲ್ಲ. ಗೋಡೆಯ ಕಡೆ ಮುಖ ಮಾಡಿ ಕೂತಿದ್ದಾನೆ. ‘ನಾನು ಬದುಕಿ ಏನು ಮಾಡಲಿ’ ಎಂದು ಜೊತೆಯವನ ಹತ್ತಿರ ಹೇಳಿದ್ದಾನೆ. ವಾರ್ಡನ್ ಅಪ್ಪನಿಗೆ ಫೋನು ಮಾಡುತ್ತಾರೆ. ಆ ಕಡೆಯಿಂದ ಉತ್ತರ: ‘ನಾ ಬರೂತನಾ ಏನೂ ಮಾಡಬ್ಯಾಡ್ರಿ ಸರ್. ಅಂವಗ ಏನೂ ಆಗಿಲ್ಲ.’ ಅಪ್ಪ ಬಸ್ಸು ಹತ್ತಿ ಮಂಡ್ಯ ಮುಟ್ಟುವುದಕ್ಕೆ ಒಂದು ರಾತ್ರಿ ಬೇಕು.

ಆ ಒಂದು ರಾತ್ರಿ ವಾರ್ಡನ್ ಏನು ಮಾಡಬೇಕು?

ಹಾಸ್ಟೆಲಿನ ಅರ್ಜಿಯಲ್ಲಿ ‘ಲೋಕಲ್ ಗಾರ್ಡಿಯನ್’ ಎಂದು ಒಂದು ಸಾಲು ಇರುತ್ತದೆ. ದೂರದ ಸಂಬಂಧಿಯದೋ ಪರಿಚಯದವರದೋ ಹೆಸರು ಅಲ್ಲಿರುತ್ತದೆ. ತುಂಬ ಜನ ಅವರನ್ನೇ ಪೋಷಕರೆಂದು ತಿಳಿಯುತ್ತಾರೆ. ಕಾನೂನಿನ ಕಣ್ಣಿಗೆ ಅವರು ಪೋಷಕರಲ್ಲ. ವಾರ್ಡನ್ನೂ ಅಲ್ಲ, ಪ್ರಿನ್ಸಿಪಾಲರೂ ಅಲ್ಲ. ಆದರೆ ತುರ್ತು ಚಿಕಿತ್ಸೆಗೆ ಬೇರೆ ದಾರಿ ಇದೆ. ನಮ್ಮ ದೇಶದ ಮಾನಸಿಕ ಆರೋಗ್ಯ ಕಾಯ್ದೆ 2017ರದು. 2018ರಲ್ಲಿ ಜಾರಿಗೆ ಬಂತು. ಅದರ 94ನೇ ಕಲಂ ಹೇಳುವುದು ಇಷ್ಟು: ಪ್ರಾಣಕ್ಕೆ ಅಪಾಯವಿದ್ದರೆ, ತನಗೆ ತಾನೇ ಏನಾದರೂ ಮಾಡಿಕೊಳ್ಳುವ ಭಯವಿದ್ದರೆ, ನೋಂದಾಯಿತ ವೈದ್ಯರು ಯಾರೇ ಆಗಲಿ ಚಿಕಿತ್ಸೆ ಕೊಡಬಹುದು. ಮನೆಯವರು ಸಿಕ್ಕಿದರೆ ಅವರ ಒಪ್ಪಿಗೆ ಪಡೆಯಬೇಕು. ಸಿಗದಿದ್ದರೆ ಅದಕ್ಕಾಗಿ ಕಾಯುತ್ತ ಕೂರಬೇಕಿಲ್ಲ. ಈ ತುರ್ತು ಅವಕಾಶ ಹೆಚ್ಚೆಂದರೆ 72 ಗಂಟೆ, ಅಂದರೆ ಮೂರು ದಿನ. ಅಪ್ಪ ಬರಲು ಅಷ್ಟು ಸಾಕು.

ಆದ್ದರಿಂದ ಹಾಸ್ಟೆಲ್ ನಡೆಸುವವರೇ, ಆ ರಾತ್ರಿ ಜೀಪು ತೆಗೆಯಿರಿ. ರುಜುವಿನ ಯೋಚನೆ ಬೆಳಿಗ್ಗೆ ಮಾಡೋಣ.

ಇಲ್ಲಿಯವರೆಗೆ ತುರ್ತಿನ ಮಾತಾಯಿತು. ಪ್ರಾಣ ಮೊದಲು, ಕಾಗದ ಆಮೇಲೆ. ಈಗ ತುರ್ತು ಕಳೆಯಿತು ಎನ್ನಿ. ಮಗುವನ್ನು ಆಸ್ಪತ್ರೆಯಲ್ಲಿ ಇರಿಸಿಕೊಂಡು ನೋಡಬೇಕು ಎನ್ನುತ್ತಾರೆ ಡಾಕ್ಟರು. ಅಲ್ಲಿ ಅಪ್ಪ ಅಮ್ಮನ ಅಧಿಕಾರವೆಷ್ಟು?

ಈ ದೃಶ್ಯವನ್ನು ಊಹಿಸಿಕೊಳ್ಳಿ. ಮಳವಳ್ಳಿ ಕಡೆಯ ಒಂದು ಹಳ್ಳಿಯ ತಂದೆ. ಎಸ್ಸೆಸ್ಸೆಲ್ಸಿ ಓದುವ ಮಗಳು ಪಕ್ಕದಲ್ಲಿದ್ದಾಳೆ, ತಲೆ ಎತ್ತಿಲ್ಲ. ಮೇಜಿನ ಮೇಲೆ ಇಂಗ್ಲಿಷಿನಲ್ಲಿ ಅಚ್ಚಾದ ಕಾಗದ. ನರ್ಸಮ್ಮ ಪೆನ್ಸಿಲಿನಲ್ಲಿ ಒಂದು ಗುಣಾಕಾರ ಗುರುತು ಹಾಕಿದ್ದಾರೆ. ತಂದೆ ಕೇಳುವುದು ಒಂದೇ ಮಾತು: ‘ಎಲ್ಲಿ ಹಾಕ್ಬೇಕು ಸಾ ಸೈನು?’ ಸೊಸೈಟಿ ಸಾಲದ ಕಾಗದಕ್ಕೆ ಹಾಕುವ ಹಾಗೆ ಹಾಕಿಬಿಡುತ್ತಾನೆ. ಏನು ಬರೆದಿದೆ ಎಂದು ಕೇಳುವುದಿಲ್ಲ. ಮಗಳ ಮುಖವನ್ನೂ ನೋಡುವುದಿಲ್ಲ.

ಆ ತಂದೆಯನ್ನು ನಾನು ಬೈಯುವುದಿಲ್ಲ. ಜೀವಮಾನವಿಡೀ ಅವನಿಗೆ ಸಿಕ್ಕಿದ ಕಾಗದಗಳೆಲ್ಲ ಹಾಗೇ ಇದ್ದವು. ಆದರೆ ಈ ಕಾಗದ ಬೇರೆ. ಒಪ್ಪಿಗೆ ಹೇಗಿರಬೇಕು ಎಂದು ಕಾಯ್ದೆಯೇ ಬಿಡಿಸಿ ಹೇಳಿದೆ. ಒತ್ತಾಯವಿರಬಾರದು. ಮದ್ದಿನಿಂದ ಏನು ಅನುಕೂಲ, ಏನು ತೊಂದರೆ, ಬೇರೆ ದಾರಿ ಇದೆಯೇ, ಇದೆಲ್ಲ ಮೊದಲೇ ಹೇಳಿರಬೇಕು. ಅದೂ ಕೇಳುವವನಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ. ‘ಕನ್ನಡದಲ್ಲಿ ಹೇಳಿ ಸಾ, ಆಮೇಲೆ ಸೈನ್ ಹಾಕ್ತೀನಿ’ ಎನ್ನುವುದು ಉದ್ಧಟತನವಲ್ಲ. ಅದು ನಿಮ್ಮ ಹಕ್ಕು.

ಇನ್ನು ಮಗುವನ್ನು ಸೇರಿಸಿಕೊಳ್ಳುವ ವಿಷಯ. ಅದು 87ನೇ ಕಲಂ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಅರ್ಜಿ ಕೊಡಬೇಕಾದವರು ಕಾನೂನಿನ ಪೋಷಕರು. ಅಷ್ಟರಿಂದಲೇ ಮಗುವನ್ನು ಸೇರಿಸಿಕೊಳ್ಳುವ ಹಾಗಿಲ್ಲ. ಇಬ್ಬರು ಮಗುವನ್ನು ಬೇರೆಬೇರೆಯಾಗಿ ನೋಡಬೇಕು. ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಇನ್ನೊಬ್ಬರು ಮನೋವೈದ್ಯರೋ, ಮಾನಸಿಕ ಆರೋಗ್ಯ ತಜ್ಞರೋ, ಸಾಮಾನ್ಯ ವೈದ್ಯರೋ ಆಗಬಹುದು. ಕಾಯಿಲೆ ನಿಜಕ್ಕೂ ತೀವ್ರವಾಗಿದೆ, ಮನೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ದಾರಿಗಳು ಫಲ ಕೊಟ್ಟಿಲ್ಲ ಅಥವಾ ಹೊಂದುವುದಿಲ್ಲ ಎಂದು ಇಬ್ಬರೂ ಹೇಳಬೇಕು. ಅಂದರೆ ಮಾತು ಕೇಳದ ಮಗನನ್ನು ಅಪ್ಪ ಸಿಟ್ಟಿನಲ್ಲಿ ತಂದು ಬಿಟ್ಟುಹೋಗುವ ಹಾಗಿಲ್ಲ. ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೂ 1979ರಲ್ಲಿ ಇದೇ ಪ್ರಶ್ನೆ ಬಂದಿತ್ತು. ಮಗುವನ್ನು ಮಾನಸಿಕ ಆಸ್ಪತ್ರೆಗೆ ಸೇರಿಸಲು ತಂದೆತಾಯಿಯ ಮಾತೊಂದೇ ಸಾಲದು, ನಿಷ್ಪಕ್ಷಪಾತಿಯಾದ ಒಬ್ಬರು ಪರೀಕ್ಷಿಸಬೇಕು ಎಂದು ಆ ಕೋರ್ಟು ಹೇಳಿತು. ನಮ್ಮ ಕಾಯ್ದೆ ಇಬ್ಬರನ್ನು ಕೇಳುತ್ತದೆ.

ಸೇರಿಸಿದ ಮೇಲೆ ಮಗುವನ್ನು ದೊಡ್ಡವರ ವಾರ್ಡಿನಲ್ಲಿ ಮಲಗಿಸಬಾರದು. ಪ್ರತ್ಯೇಕ ಜಾಗ ಕೊಡಬೇಕು, ವಯಸ್ಸಿಗೆ ತಕ್ಕ ವಾತಾವರಣ ಇರಬೇಕು. ಆಸ್ಪತ್ರೆಯವರು 72 ಗಂಟೆಯೊಳಗೆ ಮಾನಸಿಕ ಆರೋಗ್ಯ ಮರುಪರಿಶೀಲನಾ ಮಂಡಳಿಗೆ ತಿಳಿಸಬೇಕು. ಈ ಮಂಡಳಿಗೆ ಜಿಲ್ಲಾ ನ್ಯಾಯಾಧೀಶರ ದರ್ಜೆಯವರು ಅಧ್ಯಕ್ಷರು. ಜಿಲ್ಲಾಧಿಕಾರಿಗಳ ಪ್ರತಿನಿಧಿ, ವೈದ್ಯರು, ಕಾಯಿಲೆ ಅನುಭವಿಸಿದವರು ಅಥವಾ ಅಂಥವರನ್ನು ಸಾಕಿದವರು ಅದರಲ್ಲಿ ಇರುತ್ತಾರೆ. ಮಂಡಳಿಯವರು ಬಂದು ಮಗುವನ್ನು ಮಾತಾಡಿಸಬಹುದು. ಕಾಗದಪತ್ರ ನೋಡಬಹುದು. ಮೂವತ್ತು ದಿನ ದಾಟಿದರೆ ಅವರು ಪರಿಶೀಲಿಸಲೇಬೇಕು. ಆಮೇಲೂ ತಿಂಗಳು ತಿಂಗಳಿಗೆ ನೋಡಬೇಕು.

ಈಗ ನನಗೆ ತುಂಬ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. ರುಜು ಹಾಕಿದ ಪೋಷಕರು ಮನೆಗೆ ಹೋಗುವಂತಿಲ್ಲ. ಅವರೋ, ಅವರು ಗೊತ್ತುಮಾಡಿದವರೋ, ಮಗು ಆಸ್ಪತ್ರೆಯಲ್ಲಿ ಇರುವಷ್ಟು ದಿನವೂ ಜೊತೆಗಿರಬೇಕು. ಹೆಣ್ಣುಮಗುವಾಗಿದ್ದು, ರುಜು ಹಾಕಿದವನು ಗಂಡಸಾಗಿದ್ದರೆ, ಒಬ್ಬ ಹೆಂಗಸು ಜೊತೆಗಿರಲೇಬೇಕು. ಮಗುವನ್ನು ಮನೆಯವರ ಜೊತೆಯಲ್ಲೇ ಇರಿಸಿಕೊಂಡು ನೋಡುವ ಪದ್ಧತಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಕಾಯ್ದೆಗಿಂತ ಎಷ್ಟೋ ಮೊದಲೇ ಇತ್ತು. ಕಾಯ್ದೆ ಅದನ್ನು ಇಡೀ ದೇಶದ ನಿಯಮ ಮಾಡಿತು.

ಒಳ್ಳೆಯ ನಿಯಮವೇ. ಆದರೆ ಇಲ್ಲೊಂದು ಕಷ್ಟವಿದೆ, ಹೇಳಲೇಬೇಕು. ಮದ್ದೂರಿನ ಗಾರ್ಮೆಂಟ್ಸಿಗೆ ಹೋಗುವ ತಾಯಿ ಹದಿನೈದು ದಿನ ರಜೆ ಹಾಕಿದರೆ ಆ ತಿಂಗಳ ಸಂಬಳದಲ್ಲಿ ಅರ್ಧ ಹೋಯಿತು. ಕಬ್ಬು ಕಡಿಯುವ ಕಾಲದಲ್ಲಿ ತಂದೆ ಬರಲಾರ. ಮನೆಯಲ್ಲಿ ಇನ್ನೆರಡು ಮಕ್ಕಳಿವೆ, ಹಸುವಿದೆ, ಡೈರಿಗೆ ಹಾಲು ಹಾಕಬೇಕು. ಕಾನೂನು ‘ಜೊತೆಗಿರಿ’ ಎಂದಿತು. ಆ ದಿನಗಳ ಕೂಲಿ ಯಾರು ಕೊಡುತ್ತಾರೆ ಎಂದು ಹೇಳಲಿಲ್ಲ. ನನ್ನ ಮಟ್ಟಿಗೆ ಈ ಕಾಯ್ದೆಯ ದೊಡ್ಡ ಕೊರತೆ ಅದೇ. ಹೆತ್ತವರು ನಡುವೆಯೇ ಮಗುವನ್ನು ಬಿಡಿಸಿಕೊಂಡು ಹೋಗುವುದಕ್ಕೆ ಎಷ್ಟೋ ಸಲ ಕಾರಣ ಹಟವಲ್ಲ, ಕೂಲಿ.

ಹೌದು, ಬಿಡಿಸಿಕೊಂಡು ಹೋಗುವ ಅಧಿಕಾರವೂ ಅವರಿಗಿದೆ. ‘ಸಾಕು, ಕರ್ಕೊಂಡೋಯ್ತೀವಿ’ ಎಂದರೆ ಆಸ್ಪತ್ರೆ ಕಳಿಸಿಕೊಡಬೇಕು. ಆದ್ದರಿಂದ ಹೆತ್ತವರೇ, ಆ ಮಾತು ಆಡುವ ಮುಂಚೆ ಡಾಕ್ಟರ ಹತ್ತಿರ ಒಂದು ಗಳಿಗೆ ಕೂತುಕೊಳ್ಳಿ. ಕಷ್ಟ ಏನಿದೆ ಬಾಯಿಬಿಟ್ಟು ಹೇಳಿ. ಅಜ್ಜಿಯೋ ಚಿಕ್ಕಮ್ಮನೋ ಬದಲಿಗೆ ಬಂದು ಇರಬಹುದು. ಕಾನೂನು ಅದಕ್ಕೆ ಒಪ್ಪುತ್ತದೆ.

ಇಷ್ಟು ಕೇಳಿದಿರಿ. ಅರ್ಜಿ ಪೋಷಕರದು, ಪರೀಕ್ಷೆ ಇಬ್ಬರದು, ಕಾವಲು ಮಂಡಳಿಯದು, ಜೊತೆಗಿರುವ ಹೊಣೆ ಮತ್ತೆ ಪೋಷಕರದು. ಹಾಗಾದರೆ ಪೋಷಕರು ಅಂದರೆ ಯಾರು?

ನಗುವ ಪ್ರಶ್ನೆಯಲ್ಲ ಇದು. ನಮ್ಮ ಸೀಮೆಯಲ್ಲಿ ಅಪ್ಪ ಅಮ್ಮ ಬೆಂಗಳೂರಿನಲ್ಲಿ ದುಡಿಯುತ್ತಿರುತ್ತಾರೆ. ಮಗು ಅಜ್ಜಿಯ ಹತ್ತಿರ ಊರಿನಲ್ಲಿರುತ್ತದೆ. 2015ರಲ್ಲಿ ಮಂಡ್ಯದ ಕಬ್ಬು ಬೆಳೆಗಾರರು ಒಬ್ಬರ ಹಿಂದೊಬ್ಬರು ಪ್ರಾಣ ಕಳೆದುಕೊಂಡ ದಿನಗಳು ನಿಮಗೆ ನೆನಪಿರಬೇಕು. ಅಂಥ ಮನೆಗಳ ಮಕ್ಕಳು ಕೆಲವರು ತಾತನ ಮನೆ ಸೇರಿದರು, ಕೆಲವರು ಸೋದರಮಾವನ ಮನೆ ಸೇರಿದರು. ಸಾಕುವವರು ಒಬ್ಬರು, ಕಾನೂನಿನ ಪೋಷಕರು ಇನ್ನೊಬ್ಬರು.

ಹಿಂದೂ ಕುಟುಂಬಗಳಿಗೆ 1956ರ ಒಂದು ಕಾಯ್ದೆ ಇದೆ. ತಂದೆ ಸಹಜ ಪೋಷಕ, ಅವನ ನಂತರ ತಾಯಿ ಎನ್ನುತ್ತದೆ ಅದು. ತಂದೆ ಬದುಕಿರುವವರೆಗೆ ತಾಯಿಯ ರುಜುವಿಗೆ ಬೆಲೆಯಿಲ್ಲ ಎಂದು ಬಹಳ ಕಚೇರಿಗಳು ನಂಬಿದ್ದವು. 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸರಿಮಾಡಿತು. ತಂದೆ ಮಗುವಿನ ಹೊಣೆ ಹೊರದೆ ದೂರವಿದ್ದರೆ ತಾಯಿಯೇ ಸಹಜ ಪೋಷಕಿ ಎಂದಿತು. ಗಂಡ ಬಿಟ್ಟು ಹೋಗಿರುವ ತಾಯಂದಿರೇ, ಈ ಮಾತು ನೆನಪಿಡಿ. ‘ಯಜಮಾನ್ರನ್ನ ಕರ್ಕೊಂಡು ಬನ್ನಿ’ ಎಂದು ಯಾರಾದರೂ ನಿಮ್ಮನ್ನು ವಾಪಸು ಕಳಿಸಿದರೆ ಸುಮ್ಮನೆ ಬರಬೇಡಿ.

ಅಜ್ಜಿ ತಾತನ ವಿಷಯ ಇನ್ನೂ ತೊಡಕಿನದು. ಸಾಕಿದ ಮಾತ್ರಕ್ಕೆ ಅವರು ಕಾನೂನಿನ ಪೋಷಕರಾಗುವುದಿಲ್ಲ. ಆದರೆ ಮಾನಸಿಕ ಆರೋಗ್ಯ ಕಾಯ್ದೆಯ 15ನೇ ಕಲಂ ಒಂದು ಬಾಗಿಲು ತೆರೆದಿಟ್ಟಿದೆ. ಪೋಷಕರು ಮಗುವಿನ ಹಿತಕ್ಕೆ ತಕ್ಕಂತೆ ನಡೆಯುತ್ತಿಲ್ಲ, ಇಲ್ಲವೇ ಆ ಕೆಲಸಕ್ಕೆ ತಕ್ಕವರಲ್ಲ ಎಂದು ಮಂಡಳಿಗೆ ಅರ್ಜಿ ಕೊಡಬಹುದು. ಮಾನಸಿಕ ಆರೋಗ್ಯ ತಜ್ಞರು ಕೊಡಬಹುದು. ಮಗುವಿನ ಒಳಿತು ಬಯಸುವ ಯಾರು ಬೇಕಾದರೂ ಕೊಡಬಹುದು. ಅಜ್ಜಿ ಕೊಡಬಹುದು, ಶಾಲೆಯ ಮೇಷ್ಟ್ರೂ ಕೊಡಬಹುದು. ಮಂಡಳಿ ವಿಚಾರಿಸಿ ಬೇರೊಬ್ಬರನ್ನು ನೇಮಿಸುತ್ತದೆ. ಯಾರೂ ಸಿಗದಿದ್ದರೆ ಸಮಾಜ ಕಲ್ಯಾಣ ಇಲಾಖೆಯ ನಿರ್ದೇಶಕರೇ ಆ ಮಗುವಿನ ಪರವಾಗಿ ನಿಲ್ಲಬೇಕು.

ಅಂದರೆ ಹೆತ್ತವರ ಅಧಿಕಾರಕ್ಕೆ ಮಿತಿ ಇದೆ. ಯಾರು ಪೋಷಕರು ಎಂದು ನೋಡಿದೆವು. ಈಗ ಪೋಷಕರೂ ಏನು ಮಾಡಬಾರದು ಎಂದು ನೋಡೋಣ.

‘ನಮ್ ಮಗ, ನಾವು ಏನಾರ ಮಾಡ್ತೀವಿ’ ಎನ್ನುವವರಿದ್ದಾರೆ. ಮಗಳು ಮಂಕಾದರೆ ‘ಗಾಳಿ ಸೋಕಿದೆ’ ಎಂದು ಯಂತ್ರ ಕಟ್ಟಿಸುತ್ತಾರೆ. ಯಂತ್ರ ಕಟ್ಟಿಸಿಕೊಳ್ಳಿ, ದೇವರಿಗೆ ಹರಕೆ ಹೊತ್ತುಕೊಳ್ಳಿ. ಅದಕ್ಕೆ ನನ್ನ ತಕರಾರಿಲ್ಲ. ಧೈರ್ಯ ಬರುವುದಾದರೆ ಬರಲಿ. ಆದರೆ ದೆವ್ವ ಬಿಡಿಸುತ್ತೇವೆಂದು ಹೊಡೆಯುವುದು, ಕಟ್ಟಿಹಾಕುವುದು ಅಪರಾಧ. ಕರ್ನಾಟಕದಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ವಿರುದ್ಧದ ಕಾಯ್ದೆ 2020ರಿಂದ ಜಾರಿಯಲ್ಲಿದೆ. ಅಪ್ಪನೇ ಒಪ್ಪಿದ್ದ ಎಂದ ಮಾತ್ರಕ್ಕೆ ಅದು ಅಪರಾಧವಲ್ಲ ಎಂದಾಗುವುದಿಲ್ಲ.

ಸರಪಳಿಯ ಮಾತೂ ಅಷ್ಟೇ. 2001ರ ಆಗಸ್ಟಿನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ದರ್ಗಾದ ಹತ್ತಿರದ ಆಶ್ರಯದಲ್ಲಿ ಸರಪಳಿ ಹಾಕಿ ಇರಿಸಿದ್ದ ಸುಮಾರು ಮೂವತ್ತು ಜನ ಸುಟ್ಟುಹೋದರು. ಓಡಲು ಅವರಿಗೆ ಆಗಲಿಲ್ಲ. ಅವರಲ್ಲಿ ಅನೇಕರನ್ನು ಅಲ್ಲಿಗೆ ತಂದು ಬಿಟ್ಟವರು ಮನೆಯವರೇ. ಈಗಿನ ಮಾನಸಿಕ ಆರೋಗ್ಯ ಕಾಯ್ದೆ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದು ಎನ್ನುತ್ತದೆ. ಜನರ ಬಾಯಲ್ಲಿ ‘ಶಾಕ್’ ಎನ್ನುವ ವಿದ್ಯುತ್ ಚಿಕಿತ್ಸೆಯನ್ನು ಮಕ್ಕಳಿಗೆ ಕೊಡಬಾರದು ಎನ್ನುವುದೂ ನಿಯಮ. ತೀರ ಅಗತ್ಯವೆಂದು ಮನೋವೈದ್ಯರಿಗೆ ತೋರಿದರೆ ಪೋಷಕರ ಒಪ್ಪಿಗೆ ಬೇಕು. ಮಂಡಳಿಯ ಅನುಮತಿಯೂ ಮೊದಲೇ ಬೇಕು.

ಇನ್ನೊಂದು. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಎಂದು ಆಪ್ತಸಮಾಲೋಚಕರಿಗೆ ಗೊತ್ತಾದರೆ, 2012ರ ಪೋಕ್ಸೋ ಕಾಯ್ದೆಯಂತೆ ಅವರು ದೂರು ಕೊಡಲೇಬೇಕು. ‘ಮನೆ ಮರ್ಯಾದೆ ಹೋಗುತ್ತೆ, ಬೇಡಿ’ ಎಂದು ಹೆತ್ತವರು ಕೈಮುಗಿದರೂ ಬಿಡುವ ಹಾಗಿಲ್ಲ.

ಕೇಳುಗರೇ, ಹೆತ್ತವರ ಹಕ್ಕು ಏನು, ಅದು ಎಲ್ಲಿ ನಿಲ್ಲುತ್ತದೆ ಎಂದು ಹೇಳಿದ್ದಾಯಿತು. ಇನ್ನು ಮಗುವಿನ ಮಾತು.

ಮಗುವನ್ನು ಸೇರಿಸಿಕೊಳ್ಳುವ ಮುಂಚೆ ಅದರ ಇಷ್ಟವೇನು, ಹಾಗೆ ಹೇಳಲು ಕಾರಣವೇನು ಎಂದು ಗಮನಿಸಬೇಕೆಂದು ಮಾನಸಿಕ ಆರೋಗ್ಯ ಕಾಯ್ದೆಯಲ್ಲಿದೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ತನಗೆ ಸಂಬಂಧಿಸಿದ ವಿಷಯದಲ್ಲಿ ಮಾತಾಡುವ ಹಕ್ಕು ಮಗುವಿಗೆ ಉಂಟು ಎನ್ನುತ್ತದೆ ಆ ಒಡಂಬಡಿಕೆ. ಆದರೆ ಕೊನೆಯ ಮಾತು, ಹದಿನೆಂಟು ತುಂಬುವವರೆಗೆ, ಪೋಷಕರದೇ. ಎಂಟು ವರ್ಷದ ಮಗುವಿಗೂ ಹದಿನೇಳೂವರೆಯ ಹುಡುಗಿಗೂ ಒಂದೇ ಅಳತೆ.

ಇದು ನನಗೆ ಸರಿಕಾಣುವುದಿಲ್ಲ. ಇಂಗ್ಲೆಂಡಿನಲ್ಲಿ 1985ರಲ್ಲಿ ಗಿಲ್ಲಿಕ್ ಎಂಬ ತಾಯಿಯೊಬ್ಬರ ಮೊಕದ್ದಮೆ ಹೌಸ್ ಆಫ್ ಲಾರ್ಡ್ಸ್ ಮುಂದೆ ಬಂತು. ಹದಿನಾರು ತುಂಬದ ಮಕ್ಕಳಿಗೆ ತಾಯ್ತಂದೆಯರ ಒಪ್ಪಿಗೆಯಿಲ್ಲದೆ ಗರ್ಭನಿರೋಧದ ಸಲಹೆ ಕೊಡಬಾರದು ಎಂಬುದು ಅವರ ವಾದ. ಕೋರ್ಟು ಒಪ್ಪಲಿಲ್ಲ. ಮಗುವಿಗೆ ವಿಷಯ ಪೂರ್ತಿ ಅರ್ಥಮಾಡಿಕೊಳ್ಳುವ ಬುದ್ಧಿ ಬಂದಿದ್ದರೆ ಅದರ ಒಪ್ಪಿಗೆಯೇ ಸಾಕು ಎಂದಿತು. ಅಷ್ಟು ದೂರ ನಾವು ನಾಳೆಯೇ ಹೋಗಬೇಕೆಂದು ನಾನು ಹೇಳುತ್ತಿಲ್ಲ. ಹದಿನಾರು ದಾಟಿದವರಿಗೆ ಬರೀ ಆಪ್ತಸಮಾಲೋಚನೆಗಾದರೂ, ಮದ್ದಿಲ್ಲದ ಮಾತುಕತೆಗಾದರೂ, ತಾವಾಗಿ ಹೋಗುವ ದಾರಿಯನ್ನು ಕಾನೂನು ಸ್ಪಷ್ಟವಾಗಿ ತೋರಿಸಿಕೊಡಬೇಕು. ಮನೆಯಲ್ಲೇ ಸಂಕಟವಿರುವ ಮಗು ಅದೇ ಮನೆಯವರ ರುಜು ತರಬೇಕೆಂದರೆ ಎಲ್ಲಿಂದ ತರುತ್ತದೆ?

ಅಷ್ಟಕ್ಕೂ ಹೆಚ್ಚಿನ ಮಕ್ಕಳಿಗೆ ಆಸ್ಪತ್ರೆ ಸೇರುವ ಅಗತ್ಯವೇ ಬರುವುದಿಲ್ಲ. ಮಾತಾಡುವವರು ಒಬ್ಬರು ಸಿಕ್ಕರೆ ಸಾಕು. ಒಂದು ದಿನ ನೆನಪಿಸಿಕೊಳ್ಳಿ: 2018ರ ನವೆಂಬರ್ 24, ಶನಿವಾರ. ಪಾಂಡವಪುರ ತಾಲ್ಲೂಕಿನ ಕನಗನಮರಡಿ ಹತ್ತಿರ ಖಾಸಗಿ ಬಸ್ಸು ವಿ.ಸಿ. ನಾಲೆಗೆ ಬಿತ್ತು. ಸುಮಾರು ಮೂವತ್ತು ಜನ ಹೋದರು. ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳೂ ಅವರಲ್ಲಿದ್ದರು. ಸೋಮವಾರ ಆ ಮಕ್ಕಳ ಜೊತೆಯವರು ಅದೇ ತರಗತಿಗೆ ಬಂದು ಕೂರಬೇಕು, ಪಕ್ಕದ ಜಾಗ ಖಾಲಿ. ಅಂಥ ಮಗು ರಾತ್ರಿ ಬೆಚ್ಚಿಬಿದ್ದರೆ ಅದು ಹುಚ್ಚಲ್ಲ. ಅದಕ್ಕೆ ಬೇಕಾದದ್ದು ಯಾರಾದರೂ ಕೂತು ಕೇಳುವುದು. ಅದಕ್ಕೆ ಒಪ್ಪಿಗೆ ಕೊಡಲು ಯಾವ ತಾಯಿಯೂ ಹಿಂಜರಿಯಬೇಕಾಗಿಲ್ಲ.

ಹೆತ್ತವರೇ, ಮಗಳು ಡಾಕ್ಟರ ಹತ್ತಿರ ಒಬ್ಬಳೇ ಮಾತಾಡಬೇಕು ಎಂದರೆ ಹೊರಗೆ ಹೋಗಿ ಕೂತುಕೊಳ್ಳಿ. ‘ಒಳಗೆ ಏನೇನಂದೆ?’ ಎಂದು ಬಸ್ಸಿನಲ್ಲಿ ಗದರಿಸಬೇಡಿ. ಪ್ರಾಣಕ್ಕೆ ಅಪಾಯವಿರುವ ಮಾತಾದರೆ ಒಳ್ಳೆಯ ಡಾಕ್ಟರು ನಿಮಗೆ ಹೇಳಿಯೇ ಹೇಳುತ್ತಾರೆ. ಉಳಿದದ್ದು ಅವಳದು. ಮದ್ದು ಕೊಟ್ಟರೆ ಅದು ಏನಕ್ಕೆ, ಎಷ್ಟು ದಿನಕ್ಕೆ ಎಂದು ನಿಮ್ಮ ಜೊತೆಗೆ ಅವಳಿಗೂ ಹೇಳಿಸಿ. ರಾಗಿ ಮುದ್ದೆಯಲ್ಲಿ ಕದ್ದು ಮಾತ್ರೆ ಇಟ್ಟು ಕೊಡುವ ಮನೆಗಳಿವೆ. ಅದು ಗೊತ್ತಾದ ದಿನ ಮಗು ಮಾತ್ರೆಯನ್ನೂ ಬಿಡುತ್ತದೆ, ಮುದ್ದೆಯನ್ನೂ ಬಿಡುತ್ತದೆ.

ಮೊದಲು ಹೇಳಿದ ಹಾಸ್ಟೆಲಿನ ಹುಡುಗನಿಗೆ ಮುಂದಿನ ತಿಂಗಳು ಹದಿನೆಂಟು ತುಂಬುತ್ತದೆ ಎನ್ನಿ. ಆ ದಿನದಿಂದ ಲೆಕ್ಕವೇ ಬೇರೆ. ಒಪ್ಪಿಗೆ ಅವನದು, ರುಜು ಅವನದು. ತನ್ನ ಪರವಾಗಿ ನಿಲ್ಲುವ ಪ್ರತಿನಿಧಿ ಯಾರೆಂದು ಅವನೇ ಬರೆದುಕೊಡಬಹುದು. ಅಪ್ಪನ ಹೆಸರೇ ಬರೆಯಬೇಕೆಂದಿಲ್ಲ. ಅಣ್ಣನದಾಗಲಿ, ಗೆಳೆಯನದಾಗಲಿ ಬರೆಯಬಹುದು. ‘ಫೀಸು ಕಟ್ಟೋದು ನಾನು’ ಎಂದು ಅಪ್ಪ ಕೂಗಾಡಿದರೆ ಉಪಯೋಗವಿಲ್ಲ. ಹದಿನೇಳರಲ್ಲಿ ಅವನ ಮಾತನ್ನು ಕೇಳಿದ್ದ ಅಪ್ಪನ ಹೆಸರನ್ನು ಹದಿನೆಂಟರಲ್ಲಿ ಅವನು ತಾನಾಗಿ ಬರೆಯುತ್ತಾನೆ ಎಂಬುದು ನನ್ನ ನಂಬಿಕೆ.

ಸಮಯವಾಯಿತು. ಕೊನೆಗೆ ಎಲ್ಲಿಗೆ ಹೋಗಬೇಕು ಎಂದು ಹೇಳಿಬಿಡುತ್ತೇನೆ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗವಿದೆ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಬರುವ ಏರ್ಪಾಡಿದೆ. ಮದ್ದೂರು, ಮಳವಳ್ಳಿಯವರು ನಿಮ್ಮ ಆಸ್ಪತ್ರೆಯಲ್ಲಿ ಯಾವ ಮಂಗಳವಾರ ಎಂದು ವಿಚಾರಿಸಿಕೊಳ್ಳಿ. ರುಜುವಿನ ತಕರಾರು ಬಂದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೂ ಮಕ್ಕಳಿಗೂ ಅಲ್ಲಿ ವಕೀಲರ ನೆರವು ಉಚಿತ. ಮಗು ಅಪಾಯದಲ್ಲಿದ್ದರೆ 1098ಕ್ಕೆ ಫೋನು ಮಾಡಿ. ಮನಸ್ಸಿನ ಯಾವುದೇ ಸಂಕಟಕ್ಕೆ ಟೆಲಿಮಾನಸ್ ಇದೆ, ಹಗಲೂ ರಾತ್ರಿಯೂ, ಕನ್ನಡದಲ್ಲಿ, ಕಾಸಿಲ್ಲದೆ. ಬರೆದುಕೊಳ್ಳಿ, ಇನ್ನೊಮ್ಮೆಯೂ ಹೇಳುತ್ತೇನೆ: 14416. ಒಂದು, ನಾಲ್ಕು, ನಾಲ್ಕು, ಒಂದು, ಆರು.